ಮೇಡಂ ಕಾಣದ ನೀಲಿ

ವನಜಾಕ್ಷಿ ಮೇಡಂ ಯಾವ ಕೋಣೆಗೆ ಬಂದರೂ ಮೊದಲು ಲೈಟು ಆರಿಸುತ್ತಿದ್ದರು. ಭೌತಶಾಸ್ತ್ರ ವಿಭಾಗಕ್ಕೆ ಹೊಸದಾಗಿ ಬಂದವರು ಇದನ್ನು ಕರೆಂಟು ಉಳಿಸುವ ಶಿಸ್ತು ಎಂದುಕೊಂಡು ಮೆಚ್ಚುತ್ತಿದ್ದರು. ಆಮೇಲೆ ಅವರು ಕಿಟಕಿಯ ಕಪ್ಪು ಪರದೆಯನ್ನೂ ಎಳೆದಾಗ ಮೆಚ್ಚುಗೆ ಹೋಗಿ ಗಾಬರಿ ಬರುತ್ತಿತ್ತು. "ಮಾತಾಡ್ಬೇಡಿ, ಕಣ್ಣು ಕೂರ್ಲಿ" ಎಂದು ಕತ್ತಲಿನಿಂದ ಧ್ವನಿ ಬರುತ್ತಿತ್ತು. ಕಣ್ಣು ಕೂರುವುದೆಂದರೆ ಕತ್ತಲೆಗೆ ಒಗ್ಗುವುದು. ನಮ್ಮ ಪ್ರಾಂಶುಪಾಲರು ಒಮ್ಮೆ ಏನೋ ಕೇಳಲು ಒಳಗೆ ಬಂದು ಸ್ಟೂಲಿಗೆ ಎಡವಿ, "ಯಾರೂ ಇಲ್ವಾ ಇಲ್ಲಿ?" ಎಂದರು.

"ಇದ್ದೇವೆ ಸರ್. ಬಾಗಿಲು ಹಾಕಿ, ಬೆಳಕು ಬರ್ತದೆ" ಎಂದರು ಮೇಡಂ.

ಪ್ರಾಂಶುಪಾಲರು ಬಾಗಿಲು ಹಾಕಿ, ಮೊಣಕಾಲು ಉಜ್ಜುತ್ತಾ ನಮ್ಮ ಜೊತೆ ನಿಂತರು. ಮೇಡಂ ಅತಿನೇರಳೆ ದೀಪದ ಗುಂಡಿ ಒತ್ತಿದರು. ಗಾಜಿನ ಬಿಲ್ಲೆಯ ಮೇಲಿದ್ದ ಚಿಟಿಕೆ ಬಿಳಿ ಹುಡಿ ಅಬ್ಬಲಿಗೆ ಹೂವಿನ ಕಿತ್ತಳೆ ಬಣ್ಣದಲ್ಲಿ ಹೊತ್ತಿಕೊಂಡಿತು. ಪ್ರಾಂಶುಪಾಲರು ಬಂದ ಕೆಲಸ ಮರೆತು ಹಾಗೇ ಮರಳಿ ಹೋದರು.

ಆ ಹುಡಿ ಮಾಡುವುದೇ ನಮ್ಮ ಸಂಶೋಧನೆ. ನಾನು ಅದಕ್ಕೆ ಸೇರಿಕೊಂಡ ಕಥೆಯಲ್ಲಿ ಹೆಮ್ಮೆಪಡುವಂಥದ್ದು ಏನೂ ಇಲ್ಲ. ಎಂ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತಿದ್ದೆ. ದುಬೈಯಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ನನ್ನ ಅಣ್ಣ "ವೀಸಾ ಕಳಿಸ್ತೇನೆ, ಬಾ" ಎಂದು ವಾರಕ್ಕೊಮ್ಮೆ ಫೋನು ಮಾಡುತ್ತಿದ್ದ. ನನಗೆ ವಿಜ್ಞಾನದ ಮೇಲಿನ ಪ್ರೀತಿಗಿಂತ ಪಾತ್ರೆಯ ಮೇಲಿನ ಭಯ ದೊಡ್ಡದಿತ್ತು. "ನಾನು ಪಿಎಚ್.ಡಿ. ಮಾಡ್ತೇನೆ" ಎಂದುಬಿಟ್ಟೆ. ಹೇಳಿದ ಮೇಲೆ ಮಾಡದೆ ಉಪಾಯವಿರಲಿಲ್ಲ.

ಮೇಡಂ ನನ್ನ ಅಂಕಪಟ್ಟಿ ನೋಡಲಿಲ್ಲ.

"ಜಗದೀಶ ಅಲ್ವಾ? ಅಡಿಗೆ ಬರ್ತದಾ?"

"ಇಲ್ಲ ಮೇಡಂ" ಎಂದೆ, ಅದೊಂದು ಅರ್ಹತೆ ಎಂಬಂತೆ.

"ಹಾಗಾದ್ರೆ ಕಷ್ಟ ಉಂಟು. ಸಾರಿಗೆ ಇಂಗು ಹಾಕುದು ನೋಡಿದ್ದೀಯಾ? ಚೂರೇ ಚೂರು. ಕಡಿಮೆ ಆದ್ರೆ ಗೊತ್ತೇ ಆಗುದಿಲ್ಲ, ಜಾಸ್ತಿ ಆದ್ರೆ ಸಾರು ಚೆಲ್ಬೇಕು. ಅಷ್ಟೇ ಅಲ್ಲ, ಅದು ಒಗ್ಗರಣೆಯ ಎಣ್ಣೆಯೊಳಗೆ ಹೋಗ್ಬೇಕು. ಸಾರಿನ ಮೇಲೆ ಉದುರಿಸಿದ ಇಂಗು ಇಂಗಲ್ಲ ಮಾರಾಯ. ನಮ್ಮ ಕೆಲಸ ಇಷ್ಟೇ. ಸತುವಿನ ಸಲ್ಫೈಡು ಸಾರು, ಮ್ಯಾಂಗನೀಸು ಇಂಗು."

ಅರ್ಧ ಗಂಟೆಯಲ್ಲಿ ಕಲಿಯಬಹುದಾದ ಕೆಲಸ ಎಂದುಕೊಂಡೆ. ನನಗೆ ವರ್ಷಗಳು ಹಿಡಿದವು. ಸತುವಿನ ಲವಣ ಮತ್ತು ಚಿಟಿಕೆ ಮ್ಯಾಂಗನೀಸನ್ನು ನೀರಿನಲ್ಲಿ ಕರಗಿಸಿ, ತಿರುಗಿಸುತ್ತಾ, ಸೋಡಿಯಂ ಸಲ್ಫೈಡಿನ ದ್ರಾವಣವನ್ನು ಹನಿ ಹನಿಯಾಗಿ ಬಿಡಬೇಕು. ನೀರು ಹಾಲಾಗುತ್ತದೆ. ಆ ಹಾಲಿನಲ್ಲಿರುವ ಒಂದೊಂದು ಕಣವೂ ಎಷ್ಟು ಸಣ್ಣದೆಂದರೆ ಒಂದು ಕೂದಲಿನ ಅಗಲಕ್ಕೆ ಸಾವಿರಾರು ಕಣಗಳು ಸಾಲಾಗಿ ಕೂರಬಹುದು. ಅದನ್ನು ತೊಳೆದು ಒಣಗಿಸಿದರೆ ಹುಡಿ. ಮ್ಯಾಂಗನೀಸು ಕಣದ ಒಳಗೆ ತನ್ನ ಜಾಗದಲ್ಲಿ ಸರಿಯಾಗಿ ಕೂತಿದ್ದರೆ ಅತಿನೇರಳೆ ಬೆಳಕಿನಲ್ಲಿ ಕಿತ್ತಳೆ ಬಣ್ಣ ಬೆಳಗುತ್ತದೆ. ಒಳಗೆ ಹೋಗದೆ ಹೊರಗೇ ಅಂಟಿಕೊಂಡು ತೊಳೆಯುವಾಗ ಹೋಗಿಬಿಟ್ಟರೆ, ಸತುವಿನ ಸಲ್ಫೈಡು ತನ್ನಷ್ಟಕ್ಕೆ ಒಂದು ಸಪ್ಪೆ ನೀಲಿಯನ್ನು ಕೊಡುತ್ತದೆ. ಕಿತ್ತಳೆ ಬಂದರೆ ಗೆದ್ದೆವು, ನೀಲಿ ಉಳಿದರೆ ಸೋತೆವು ಎಂಬುದು ಆಗ ನಮ್ಮ ಲೆಕ್ಕ.

ಇವೆಲ್ಲದರ ಜೊತೆ ವಾಸನೆ. ಸಲ್ಫೈಡು ಕೊಳೆತ ಮೊಟ್ಟೆಯ ತಮ್ಮ. ಸಂಜೆ ನಾನು ಬಸ್ಸು ಹತ್ತಿದರೆ ಎಷ್ಟು ರಶ್ಶಿದ್ದರೂ ನನ್ನ ಪಕ್ಕದ ಸೀಟು ಖಾಲಿಯಾಗುತ್ತಿತ್ತು. ಕಂಡಕ್ಟರು ದೂರದಿಂದಲೇ ಕೈ ಚಾಚಿ ಟಿಕೆಟು ಕೊಡುತ್ತಿದ್ದ. ಅಮ್ಮ ನನ್ನ ಅಂಗಿಯನ್ನು ಮನೆಯೊಳಗೆ ತರಲು ಬಿಡುತ್ತಿರಲಿಲ್ಲ. ಆದರೆ ನೆರೆಯವರ ಹತ್ತಿರ "ನಮ್ಮ ಜಗ್ಗು ಯಾವುದೋ ಮದ್ದಿನ ಹುಡಿ ಕಂಡುಹಿಡಿಯುತ್ತಿದ್ದಾನೆ" ಎಂದು ತುಳುವಿನಲ್ಲಿ ಹೇಳಿಕೊಂಡು ಬಂದಿದ್ದಳು. ಅದನ್ನು ನಂಬಿ ಎದುರುಮನೆಯ ಸಂಜೀವಣ್ಣ ತಮ್ಮ ಗ್ಯಾಸ್ಟ್ರಿಕ್ಕಿಗೆ ಸ್ವಲ್ಪ ಕೊಡುತ್ತೀಯಾ ಎಂದು ಕೇಳಿದರು. ಇಲ್ಲ ಎಂದದ್ದಕ್ಕೆ ನನ್ನನ್ನು ಜಂಬದವನೆಂದು ತಿಳಿದರು.

ಮೇಡಂ ಒಂದು ದೇವಸ್ಥಾನದ ಅರ್ಚಕರ ಮನೆತನದವರು. ಅಣ್ಣ ವಾಸುದೇವ ಭಟ್ಟರು ಗರ್ಭಗುಡಿಯೊಳಗೆ, ತಂಗಿ ಪ್ರಯೋಗಶಾಲೆಯೊಳಗೆ. ಮದುವೆಯಾಗಿರಲಿಲ್ಲ. ಬಿಜೈಯ ಮನೆಯಿಂದ ಕಾಲೇಜಿಗೆ ನಡೆದೇ ಬರುತ್ತಿದ್ದರು. ನಮಗೆಲ್ಲ ಕಣ್ಣಿಗೆ ರಕ್ಷಣೆಯ ಗಾಗಲ್ಸ್ ಇಲ್ಲದೆ ಆ ದೀಪದ ಹತ್ತಿರ ಬರಲು ಬಿಡುತ್ತಿರಲಿಲ್ಲ. ತಾವು ಮಾತ್ರ ಬರಿಗಣ್ಣಿನಲ್ಲಿ ಬಗ್ಗಿ ನೋಡುತ್ತಿದ್ದರು. "ಗಾಜು ಅಡ್ಡ ಬಂದ್ರೆ ನನಗೆ ನೋಡಿದ ಹಾಗೇ ಆಗುದಿಲ್ಲ" ಎನ್ನುತ್ತಿದ್ದರು. ಬೆಳಕನ್ನು ಅಳೆಯುವ ಯಂತ್ರವೊಂದು ನಮ್ಮಲ್ಲಿತ್ತು. ಅದರ ದೀಪ ಕೆಟ್ಟು, ಹೊಸ ದೀಪದ ಅರ್ಜಿ ಮೇಜಿನಿಂದ ಮೇಜಿಗೆ ಪ್ರಯಾಣ ಮಾಡುತ್ತಿತ್ತು. ಮೇಡಂಗೆ ಅದರ ಚಿಂತೆಯೇ ಇರಲಿಲ್ಲ. "ಮಿಷನ್ ಸುಳ್ಳು ಹೇಳುದಿಲ್ಲ, ಸರಿ. ಆದ್ರೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡ್ತದೆ. ಕಣ್ಣು ಹಾಗಲ್ಲ, ಕೇಳದ್ದನ್ನೂ ಹೇಳ್ತದೆ."

ಅವರ ಸೀರೆ ರವಿಕೆಗಳ ಬಗ್ಗೆ ವಿಭಾಗದಲ್ಲಿ ಒಂದು ಪಿಸುಮಾತಿನ ನಗು ಇತ್ತು. ಕಪ್ಪು ಸೀರೆಗೆ ಕಡುನೀಲಿ ರವಿಕೆ, ಹಸಿರು ಸೀರೆಗೆ ನೀಲಿ ರವಿಕೆ. ವಿಜ್ಞಾನಿಗಳಿಗೆ ಉಡುಪಿನ ಕಡೆ ಗಮನವಿರುವುದಿಲ್ಲ ಎಂದು ನಾನು ಭಕ್ತಿಯಿಂದ ವ್ಯಾಖ್ಯಾನ ಮಾಡುತ್ತಿದ್ದೆ. ಅವರನ್ನು ಅನುಕರಿಸಿ ನಾನೂ ಒಂದಷ್ಟು ದಿನ ಬೇರೆ ಬೇರೆ ಜೋಡಿಯ ಕಾಲುಚೀಲ ಹಾಕಿಕೊಂಡು ಹೋದೆ. ನನ್ನಲ್ಲಿ ವಿಜ್ಞಾನಿಯ ಲಕ್ಷಣ ಅಷ್ಟೇ ಇದ್ದದ್ದು.

ಪ್ರತಿ ಶುಕ್ರವಾರ ಕತ್ತಲೆಯಲ್ಲಿ ಪರೀಕ್ಷೆ. ನಾನು ವಾರವಿಡೀ ಮಾಡಿದ ಹುಡಿಗಳನ್ನು ಸಾಲಾಗಿ ಇಡುತ್ತಿದ್ದೆ. ಅವರು ಬಗ್ಗಿ ನೋಡಿ, "ಇದು ಇರ್ಲಿ", "ಇದು ಬಿಡು", "ಇದು ಸತ್ತೇ ಹೋಗಿದೆ" ಎಂದು ಒಂದೊಂದರ ಜಾತಕ ಹೇಳುತ್ತಿದ್ದರು. ಮೊದಲ ವರ್ಷದಲ್ಲೇ ಒಂದು ಶುಕ್ರವಾರ, ಅವರು "ಅಂದ ನೋಡು, ಒಳ್ಳೆ ಆರೆಂಜ್" ಎಂದು ಹೊಗಳಿದ ಹುಡಿಯಲ್ಲಿ ನನಗೆ ನೀಲಿ ಕಂಡಿತು. ಸ್ವಲ್ಪ ಅಲ್ಲ, ಸಾಕಷ್ಟು.

"ಮೇಡಂ, ನೀಲಿ ಇದ್ದ ಹಾಗೆ ಕಾಣ್ತದೆ."

"ನೀಲಿ ಎಲ್ಲುಂಟು ಮಾರಾಯ? ಸರಿ ನೋಡು."

ಸರಿಯಾಗಿ ನೋಡಿದೆ. ನೀಲಿ ಮಾಯವಾಯಿತು! ಗುರುಭಕ್ತಿಗೆ ಕಣ್ಣಿನ ನರದ ಮೇಲೆ ಅಷ್ಟು ಅಧಿಕಾರವಿದೆಯೆಂದು ಯಾವ ಪಠ್ಯಪುಸ್ತಕದಲ್ಲೂ ಬರೆದಿಲ್ಲ. "ಇಲ್ಲ ಮೇಡಂ, ಆರೆಂಜೇ" ಎಂದೆ. ಅಲ್ಲಿಂದ ಮುಂದೆ ನಾನು ಪಳಗಿದೆ. ಅವರು ಬಾಯಿ ತೆರೆಯುವ ಮೊದಲೇ "ಆಹಾ, ಎಂತಾ ಆರೆಂಜ್ ಮೇಡಂ!" ಎನ್ನುವಷ್ಟು ಪಳಗಿದೆ. ನನ್ನ ಕಣ್ಣು ಚುರುಕಾಗುತ್ತಿದೆಯೆಂದು ಅವರು ಸಂತೋಷಪಟ್ಟರು. ನನಗೂ ಹಾಗೇ ಅನ್ನಿಸತೊಡಗಿತ್ತು ಎಂಬುದು ಇದರಲ್ಲಿ ತಮಾಷೆಯ ಭಾಗ.

ಮೂರನೆಯ ವರ್ಷಕ್ಕೆ ಬರುವಾಗ ನಮ್ಮ ಸಾಧನೆ ದೊಡ್ಡದಾಗಿತ್ತು. ನೀಲಿ ಪೂರ್ತಿಯಾಗಿ ಅಡಗಿದೆ, ಮ್ಯಾಂಗನೀಸು ಎಲ್ಲ ಒಳಗೆ ಹೋಗಿ ಕೂತಿದೆ ಎಂದು ನನ್ನ ಸಂಶೋಧನೆಯ ಪ್ರಗತಿ ನೋಡುವ ಸಮಿತಿಯ ಮುಂದೆ ನಾನು ಟೈ ಕಟ್ಟಿಕೊಂಡು ಹೇಳಿದೆ. ಮೇಡಂ ಎದ್ದು ನಿಂತು, "ನಾನೇ ಕಣ್ಣಾರೆ ನೋಡಿದ್ದೇನೆ" ಎಂದರು. ಆ ವರ್ಷ ಅವರ ನಿವೃತ್ತಿ. ಹೋಗುವ ಮೊದಲು ಒಂದು ಒಳ್ಳೆಯ ಕೆಲಸ ಕೈಗೆ ಬಂತೆಂಬ ಹೊಳಪು ಅವರ ಮುಖದಲ್ಲಿತ್ತು. ಸಮಿತಿಯಲ್ಲಿದ್ದ ಹೊರಗಿನ ಒಬ್ಬ ಪ್ರಾಧ್ಯಾಪಕರು ಮಾತ್ರ, "ಒಳ್ಳೆಯದು. ಅಳತೆಯ ಗ್ರಾಫು ಕೂಡ ಒಂದಿದ್ದರೆ ಚಂದ" ಎಂದರು. ನಮ್ಮ ಯಂತ್ರ ಕೆಟ್ಟಿದ್ದರಿಂದ ಹುಡಿಗಳನ್ನು ಬೇರೆ ಊರಿಗೆ ಕಳಿಸಿದೆವು.

ಗ್ರಾಫು ಇ-ಮೇಲಿನಲ್ಲಿ ಬಂದ ದಿನ ಮೇಡಂ ಅದನ್ನು ಕಂಪ್ಯೂಟರಿನಲ್ಲಿ ತೆರೆದರು. ನಾನು ಅವರ ಹಿಂದೆ ನಿಂತಿದ್ದೆ. ನೀಲಿಯ ಜಾಗದಲ್ಲಿ ಕುದುರೆಮುಖದಂಥ ಒಂದು ಬೆಟ್ಟ. ಕಿತ್ತಳೆಯ ಜಾಗದಲ್ಲಿ, ಆ ಬೆಟ್ಟದ ಬುಡದಲ್ಲಿ, ಒಂದು ಹುತ್ತ. ಎಲ್ಲ ಹುಡಿಗಳಿಗೂ ಹಾಗೇ.

ಅವರು ಬಹಳ ಹೊತ್ತು ಪರದೆಯನ್ನು ನೋಡಿದರು. ಯಂತ್ರವನ್ನು ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಎದ್ದು ಲೈಟು ಆರಿಸಿದರು, ಕಿಟಕಿಯ ಪರದೆ ಎಳೆದರು, ತಾವು ಅತ್ಯಂತ ಮೆಚ್ಚಿದ್ದ ಹುಡಿಯನ್ನು ದೀಪದ ಕೆಳಗೆ ಇಟ್ಟರು.

"ಜಗದೀಶ, ನೀನು ನೋಡು. ನನ್ನ ಮುಖ ನೋಡ್ಬೇಡ, ಅದನ್ನು ನೋಡು. ನೀಲಿ ಉಂಟಾ?"

"ಉಂಟು ಮೇಡಂ."

"ಎಷ್ಟುಂಟು?"

"ತುಂಬ ಉಂಟು."

"ಯಾವಾಗಿಂದ ಉಂಟು?"

"ಮೊದಲಿಂದಲೂ."

ಕತ್ತಲೆಯಲ್ಲಿ ಅವರು ಸ್ಟೂಲು ಎಳೆದುಕೊಂಡು ಕೂತ ಸದ್ದು ಕೇಳಿತು. ಇಡೀ ವೃತ್ತಿಜೀವನ ಬೆಳಕಿನ ಬಣ್ಣ ನೋಡುತ್ತಾ ಕಳೆದವರು. "ನನಗೆ ಕಾಣುದಿಲ್ಲ" ಎಂದರು ಸಣ್ಣ ಧ್ವನಿಯಲ್ಲಿ. "ಅಲ್ಲಿ ನನಗೆ ನೀಲಿ ಕಾಣುದೇ ಇಲ್ಲ ಜಗದೀಶ." ಅವರ ದನಿಯಲ್ಲಿ ನಾನು ಹೆದರಿಕೆ ಕೇಳಿದ್ದು ಅದೇ ಮೊದಲು. ಏನಾದರೂ ಸಮಾಧಾನ ಹೇಳಬೇಕೆಂದು ಬಾಯಿ ತೆರೆದೆ. "ಆರೆಂಜ್ ಕೂಡ ಉಂಟು ಮೇಡಂ" ಎಂದೆ. ನನ್ನ ಬಾಯಿಗೆ ಅಂಥ ಹೊತ್ತಿನಲ್ಲಿ ಬರುವುದು ಇಂಥ ಮಾತೇ.

ಮರುದಿನ ಕಂಕನಾಡಿಯ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಡಾಕ್ಟರು ನೋಡಿ ಬೆಚ್ಚಿದರು. ಎರಡು ಕಣ್ಣಿಗೂ ಪೊರೆ ಬಲಿತು ಹಳದಿಗಂದು ಬಣ್ಣಕ್ಕೆ ತಿರುಗಿತ್ತು. ನಿಧಾನಕ್ಕೆ ಬಂದದ್ದರಿಂದ ಅವರಿಗೇ ತಿಳಿಯಲಿಲ್ಲ. ಆ ಹಳದಿ, ನೀಲಿಯನ್ನು ಒಳಗೆ ಬಿಡುವುದಿಲ್ಲ, ಉಳಿದ ಬಣ್ಣಗಳು ಹೇಗೋ ದಾಟುತ್ತವೆ ಎಂದು ವಿವರಿಸಿದರು. "ನೀವು ತುಂಬ ಬಿಸಿಲಲ್ಲಿ ಕೆಲಸ ಮಾಡ್ತೀರಾ?" ಎಂದು ಕೇಳಿದರು. "ಇಲ್ಲ, ಕತ್ತಲೆಯಲ್ಲಿ" ಎಂದರು ಮೇಡಂ. ಅತಿನೇರಳೆ ದೀಪದ ವಿಷಯ ನಾನು ಹೇಳಿದಾಗ ಡಾಕ್ಟರು ತಲೆಯ ಮೇಲೆ ಕೈ ಹೊತ್ತರು.

ವಾಪಸು ಬರುವಾಗ ಸಿಗ್ನಲಿನಲ್ಲಿ ರಿಕ್ಷಾ ನಿಂತಾಗ ಮೇಡಂ ನನ್ನ ಕಡೆ ತಿರುಗಿದರು.

"ನನ್ನ ಕಣ್ಣಿಗೆ ಪೊರೆ ಬಂದದ್ದು. ನಿನ್ನ ಕಣ್ಣಿಗೆ ಎಂತ ಬಂದದ್ದು?"

ನಾನು ಯೋಚಿಸಿದೆ. ಮನುಷ್ಯ ಎಷ್ಟು ದಡ್ಡನಾಗಬಹುದೆಂಬುದಕ್ಕೆ ಅಳತೆಯ ಯಂತ್ರವಿದ್ದಿದ್ದರೆ ಅದರ ಮುಳ್ಳು ಆ ಕ್ಷಣ ಮುರಿಯುತ್ತಿತ್ತು. "ಗಾಗಲ್ಸ್ ಇತ್ತಲ್ಲ ಮೇಡಂ" ಎಂದೆ.

"ಅದು ಬಣ್ಣ ಇಲ್ಲದ ಗಾಜಿನದ್ದು."

ರಿಕ್ಷಾದವನಿಗೆ ಏನೂ ಅರ್ಥವಾಗಿರಲಿಕ್ಕಿಲ್ಲ. ಆದರೂ ಕನ್ನಡಿಯಲ್ಲಿ ನನ್ನ ಮುಖ ನೋಡಿ ಜೋರಾಗಿ ನಕ್ಕ. ಒಂದು ಕ್ಷಣ ಬಿಟ್ಟು ಮೇಡಂ ಕೂಡ ನಕ್ಕರು. ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಅದು ಪೂರ್ತಿ ನಗುವೇ ಆಗಿತ್ತೋ ಇಲ್ಲವೋ ನೋಡುವ ಧೈರ್ಯ ನನಗಾಗಲಿಲ್ಲ.

ಮೊದಲು ಬಲಗಣ್ಣಿನ ಆಪರೇಶನ್ ಆಯಿತು. ಪಟ್ಟಿ ಬಿಚ್ಚಿದ ದಿನ ನೋಡಲು ಹೋದೆ. ಮಂಚದ ಮೇಲೆ ಕೂತು ಹೊದಿಕೆಯನ್ನು ಕೈಯಲ್ಲಿ ಹಿಡಿದು ಮಗುವಿನಂತೆ ನೋಡುತ್ತಿದ್ದರು. "ನೀಲಿ ಮಾರಾಯ ಇದು! ನಿನ್ನೆ ಇದನ್ನೇ ಬೂದಿ ಬಣ್ಣ ಅಂತ ಹೊದ್ದು ಮಲಗಿದ್ದೆ." ಆಮೇಲೆ ನನ್ನನ್ನು ನೋಡಿ, "ಅಯ್ಯೋ, ನಿನ್ನ ಈ ಅಂಗಿ ನೀಲಿಯಾ? ಇಷ್ಟು ವರ್ಷ ಪಾಪದ ಹುಡುಗ, ಒಂದೇ ಮಣ್ಣು ಬಣ್ಣದ ಅಂಗಿ ಹಾಕ್ತಾನೆ ಅಂತ ಬೇಜಾರು ಮಾಡ್ಕೊಂಡಿದ್ದೆ."

ಎಡಗಣ್ಣಿನ ಆಪರೇಶನ್‌ಗೆ ಇನ್ನೂ ಕೆಲವು ವಾರಗಳಿದ್ದವು. ಆ ವಾರಗಳಷ್ಟು ಖುಷಿಯಾಗಿ ನಾನು ಅವರನ್ನು ನೋಡಿಲ್ಲ. ಡಾಕ್ಟರು ಒಪ್ಪಿದ ದಿನವೇ ಪ್ರಯೋಗಶಾಲೆಗೆ ಬಂದರು. ನನ್ನ ಎಲ್ಲ ಹುಡಿಗಳನ್ನೂ ಹೊರಗೆ ತೆಗೆಸಿದರು. ಈಗ ಗಾಗಲ್ಸ್ ಹಾಕಿಕೊಂಡು, ಒಂದು ಕಣ್ಣು ಕೈಯಿಂದ ಮುಚ್ಚಿ ನೋಡುವುದು, ಆಮೇಲೆ ಇನ್ನೊಂದು ಮುಚ್ಚಿ ನೋಡುವುದು. "ಈ ಕಣ್ಣಲ್ಲಿ ಆರೆಂಜ್. ಈ ಕಣ್ಣಲ್ಲಿ ನೀಲಿ. ಹುಡಿ ಒಂದೇ! ಎಷ್ಟು ಚಂದ ಉಂಟಲ್ವಾ?" ನಾನು ಅವಮಾನದಿಂದ ಕುಗ್ಗಿದ್ದೆ. ಅವರಿಗೆ ಅವಮಾನಪಡಲು ಪುರುಸೊತ್ತಿರಲಿಲ್ಲ. "ಸತ್ತೇ ಹೋಗಿದೆ" ಎಂದು ಎಂದೋ ಬದಿಗಿಟ್ಟಿದ್ದ ಹುಡಿಗಳು ಈಗ ಅವರಿಗೆ ನೀಲಾಂಬರಿ ಹೂವಿನಂತೆ ಅರಳುತ್ತಿದ್ದವು. ಒಂದೊಂದಕ್ಕೂ ಕ್ಷಮೆ ಕೇಳುವವರಂತೆ "ಓಹ್, ನೀನೂ ಇದ್ದೀಯಾ" ಎನ್ನುತ್ತಿದ್ದರು.

ಸಮಿತಿ ಮತ್ತೆ ಸೇರಿತು. ನಾನು ರಾತ್ರಿಯಿಡೀ ಕೂತು, ನೆಪಗಳನ್ನು ವೈಜ್ಞಾನಿಕ ಭಾಷೆಗೆ ತಿರುಗಿಸಿ ಚೆಂದದ ಸ್ಲೈಡುಗಳನ್ನು ಮಾಡಿದ್ದೆ. ತೇವಾಂಶದಿಂದ ಮಾದರಿಗಳಲ್ಲಿ ಆಗಿರಬಹುದಾದ ಬದಲಾವಣೆ, ಸಾಗಾಟದಲ್ಲಿ ಉಂಟಾದ ಪರಿಣಾಮ. ಮೇಡಂ ನನ್ನನ್ನು ಕೂರಲು ಹೇಳಿ ತಾವೇ ಎದ್ದರು.

"ಕಳೆದ ಸಲ ನಾವು ಹೇಳಿದ್ದು ತಪ್ಪು. ನೀಲಿ ಹೋಗಿರ್ಲಿಲ್ಲ. ನನಗೆ ಕಂಡಿರ್ಲಿಲ್ಲ, ಅಷ್ಟೆ. ಕಣ್ಣಿಗೆ ಪೊರೆ ಇತ್ತು, ಈಗ ತೆಗೆಸಿದ್ದೇನೆ."

ಹೊರಗಿನ ಪ್ರಾಧ್ಯಾಪಕರು ಸಂಕೋಚದಿಂದಲೇ ಕೇಳಿದರು: "ಆದರೆ ಮೇಡಂ, ಹುಡುಗನಿಗೂ ಕಾಣಲಿಲ್ಲವೇ?"

ಎಲ್ಲರೂ ನನ್ನನ್ನು ನೋಡಿದರು. ಆ ಹೊತ್ತಿನಲ್ಲಿ ನಾನು ನಮ್ಮ ಹುಡಿಯ ಒಂದು ಕಣದಷ್ಟು ಸಣ್ಣವನಾಗಿದ್ದೆ. ಬೆಳಗುವ ಗುಣವೊಂದು ಇರಲಿಲ್ಲ.

"ಅವನಿಗೆ ಕಂಡಿತ್ತು" ಎಂದರು ಮೇಡಂ. "ಹೇಳಿದ್ದ ಕೂಡ. ನಾನು ಗದರಿಸಿದೆ. ಗದರಿಸಿದ ಮೇಲೆ ಯಾರಾದ್ರೂ ಎರಡನೇ ಸಲ ಹೇಳ್ತಾರಾ?"

ನನ್ನ ಪಾಲಿನದನ್ನೂ ಅವರೇ ಹೊತ್ತುಕೊಂಡರು. ಮಾರ್ಗದಲ್ಲಿ ಯಾರದೋ ಕೈಚೀಲ ಬಿದ್ದಿದ್ದರೆ ಎತ್ತಿಕೊಳ್ಳುವಷ್ಟು ಸಲೀಸಾಗಿ. ಹೊರಗೆ ಬಂದ ಮೇಲೆ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. "ಹಸಿವಾಗ್ತದೆ, ಗೋಳಿಬಜೆ ತಿನ್ನುವ ಬಾ" ಎಂದರು.

ಆಮೇಲಿನ ಎರಡು ವರ್ಷ ನಾನು ಅದೇ ಹುಡಿಯನ್ನು ಮೊದಲಿಂದ ಮಾಡಿದೆ. ಇನ್ನೂ ನಿಧಾನ ಹನಿ, ಇನ್ನೂ ಸಮನಾದ ಬಿಸಿ. ಕಿತ್ತಳೆ ಹೆಚ್ಚಿತು. ನೀಲಿ ಕಡಿಮೆಯಾಯಿತು, ಪೂರ್ತಿ ಹೋಗಲೇ ಇಲ್ಲ. ಕೊನೆಗೆ ಅದು ಯಾಕೆ ಹೋಗುವುದಿಲ್ಲ ಎಂಬುದೇ ನನ್ನ ಪ್ರಬಂಧವಾಯಿತು. ಮೇಡಂ ನಿವೃತ್ತರಾಗಿದ್ದರೂ ಪ್ರತಿ ಶುಕ್ರವಾರ ಬರುತ್ತಿದ್ದರು. ಈಗ ಕ್ರಮ ಬದಲಾಗಿತ್ತು. ಮೊದಲು ನಾನು ನೋಡಿ ಹೇಳಬೇಕು, ಆಮೇಲೆ ಅವರು. ನನ್ನ ಬಾಯಿಗೆ ಅದು ಸುಲಭವಾಗಿ ಒಗ್ಗಲಿಲ್ಲ. "ಸ್ವಲ್ಪ ಹಸಿರು ಮಿಶ್ರಿತ, ಅಂದರೆ, ನಿಮಗೆ ಹೇಗೆ ಕಾಣ್ತದೆ ಮೇಡಂ?" ಎಂದು ರಾಗ ಎಳೆಯುತ್ತಿದ್ದೆ. "ನನಗೆ ಹೇಗೆ ಕಾಣ್ತದೆ ಅಂತ ನನಗೆ ಗೊತ್ತುಂಟು. ನೀನು ಹೇಳು" ಎನ್ನುತ್ತಿದ್ದರು.

ಈ ನಡುವೆ ಒಂದು ದಿನ ಸೀರೆ ತೆಗೆಯಲು ನನ್ನನ್ನು ಜೊತೆಗೆ ಕರೆದುಕೊಂಡು ಹೋದರು. ಅಂಗಡಿಯ ಟ್ಯೂಬ್‌ಲೈಟಿನ ಬಣ್ಣವನ್ನು ನಂಬದೆ, ಬಿಚ್ಚಿದ ನೀಲಿ ಸೀರೆಯನ್ನು ಹಿಡಿದುಕೊಂಡು ಸೀದಾ ಫುಟ್‌ಪಾತಿನ ಬಿಸಿಲಿಗೆ ನಡೆದರು. ಸೇಲ್ಸ್‌ಗರ್ಲು ಸೀರೆಯ ಇನ್ನೊಂದು ತುದಿ ಹಿಡಿದುಕೊಂಡು "ಅಕ್ಕ, ಬಿಲ್ಲಾಗ್ಲಿಲ್ಲ, ಬಿಲ್ಲಾಗ್ಲಿಲ್ಲ" ಎಂದು ಹಿಂದೆ ಓಡಿದಳು. ಅವಳ ಹಿಂದೆ ನಾನು, ಎರಡು ಕೊಡೆ ಹಿಡಿದುಕೊಂಡು. ಆ ದಿನ ಐದು ಸೀರೆ ತೆಗೆದರು, ಐದೂ ನೀಲಿ. "ಹೆಸರು ವನಜಾಕ್ಷಿ ಅಂತ ಇಟ್ಟದ್ದಕ್ಕೆ ಈಗ ಕಣ್ಣು ಬಂತು" ಎಂದು ತಮ್ಮಷ್ಟಕ್ಕೆ ನಕ್ಕರು.

ನನಗೆ ಡಾಕ್ಟರೇಟು ಬಂತು. ಅಮ್ಮ ಓಣಿಗೆಲ್ಲ ಹೋಳಿಗೆ ಹಂಚಿದಳು. ಸಂಜೀವಣ್ಣ ಮತ್ತೆ ಗ್ಯಾಸ್ಟ್ರಿಕ್ಕಿನ ಮಾತು ತೆಗೆದರು. ನಾನೀಗ ಬೈಕಂಪಾಡಿಯಲ್ಲಿ ಗೋಡೆಗೆ ಬಳಿಯುವ ಬಣ್ಣ ತಯಾರಿಸುವ ಕಾರ್ಖಾನೆಯಲ್ಲಿದ್ದೇನೆ. ಗಿರಾಕಿ ಕೇಳಿದ ಬಿಳಿಯೂ ನಾವು ಮಾಡಿದ ಬಿಳಿಯೂ ಒಂದೇ ಎಂದು ಸಹಿ ಹಾಕುವುದು ನನ್ನ ಕೆಲಸ. ಇಷ್ಟು ಓದಿ ಸುಣ್ಣ ನೋಡುವ ಕೆಲಸವಾ ಎಂದು ಅಣ್ಣ ದುಬೈಯಿಂದ ಫೋನಿನಲ್ಲಿ ಕೇಳಿದ. ಪಾತ್ರೆಗಿಂತ ವಾಸಿ ಎಂದೆ.

ಮೇಡಂ ಹಾಗೆ ಕೇಳಲಿಲ್ಲ. ಹೋದ ಜನವರಿಯಲ್ಲಿ ಬಿಜೈಯ ಮನೆಗೆ ಹೋದಾಗ ಅಂಗಳದಲ್ಲಿ ಕುರ್ಚಿ ಹಾಕಿ ಕೂತು, ಬಿಳಿಯಲ್ಲಿ ಎಷ್ಟು ಬಗೆ ಉಂಟು, ಹೇಗೆ ಬೇರೆ ಮಾಡ್ತೀರಿ ಎಂದು ಸಂಜೆವರೆಗೆ ಕೇಳಿದರು. ನಾನು ಹೊರಡುವಾಗ ಗೇಟಿನವರೆಗೆ ಬಂದು, "ಮುಂದಿನ ಸಲ ಬಣ್ಣ ಹೋಲಿಸಿ ನೋಡುವ ಆ ಕಾರ್ಡುಗಳನ್ನು ತಾ, ನನಗೂ ನೋಡ್ಬೇಕು" ಎಂದರು. ತರುತ್ತೇನೆ ಎಂದೆ. ಆ ಮುಂದಿನ ಸಲ ಬರಲೇ ಇಲ್ಲ. ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಅವರು ಏಳಲಿಲ್ಲವೆಂದು ವಾಸುದೇವ ಭಟ್ಟರು ಫೋನು ಮಾಡಿದರು.

ಉತ್ತರಕ್ರಿಯೆಯ ಊಟಕ್ಕೆ ನನ್ನನ್ನೂ ಕರೆದಿದ್ದರು. ಊಟ ಮುಗಿದು ನೆಂಟರೆಲ್ಲ ಚಾವಡಿಯಲ್ಲಿ ಕೂತಿದ್ದಾಗ ಭಟ್ಟರು ನನ್ನ ಕಡೆ ತಿರುಗಿದರು. "ನೀವು ಅವಳ ಶಿಷ್ಯರಲ್ವಾ. ಅವಳು ಇಷ್ಟು ವರ್ಷ ಎಂತ ಮಾಡಿದ್ದು ಅಂತ ಇಲ್ಲಿ ಯಾರಿಗೂ ಸರಿ ಗೊತ್ತಿಲ್ಲ. ಕೇಳಿದ್ರೆ 'ಹುಡಿ' ಅಂತಿದ್ಲು. ಸ್ವಲ್ಪ ಹೇಳ್ತೀರಾ?"

ಡಾಕ್ಟರೇಟು ಒಳಗಿನಿಂದ ಎದ್ದು ನಿಂತಿತು. ಅರೆವಾಹಕ ಎಂದರೇನು ಎಂಬಲ್ಲಿಂದ ಶುರುಮಾಡಿದೆ. ಮೊದಲ ಸಾಲಿನಲ್ಲಿದ್ದ ಒಬ್ಬರು ಆಕಳಿಸಿದರು. ಶಕ್ತಿಯ ಮಟ್ಟಗಳಿಗೆ ಬರುವಾಗ ಮಕ್ಕಳು ಎದ್ದು ಅಂಗಳಕ್ಕೆ ಹೋದರು. ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ ಮೇಡಂ ಅವರ ಸೋದರತ್ತೆ, ಬಹಳ ವಯಸ್ಸಾದವರು, ಕೈಯೆತ್ತಿ ನನ್ನನ್ನು ನಿಲ್ಲಿಸಿದರು.

"ಅದರಿಂದ ಎಂತ ಮಾಡ್ಲಿಕ್ಕೆ ಆಗ್ತದೆ?"

"ದೀಪ ಮಾಡಬಹುದು ಅಜ್ಜಿ. ಟಿವಿಯ ಪರದೆ ಮಾಡಬಹುದು."

"ನಮ್ಮ ವನಜ ಮಾಡಿದ್ದು ಟಿವಿಯಲ್ಲಿ ಉಂಟಾ?"

ಇಡೀ ಚಾವಡಿ ಈಗ ನನ್ನ ಕಡೆ ನೋಡುತ್ತಿತ್ತು. ಉಂಟು ಎಂದರೆ ಎಲ್ಲರಿಗೂ ಸಂತೋಷವಾಗುತ್ತದೆ. ಭಟ್ಟರ ಮುಖ ಆಗಲೇ ಅರಳಲು ಸಿದ್ಧವಾಗಿತ್ತು.

"ಇಲ್ಲ" ಎಂದೆ.

"ಮತ್ತೆ ಅದು ಎಂತ ಮಾಡ್ತಿತ್ತು?"

"ಬೆಳಗ್ತಿತ್ತು ಅಜ್ಜಿ. ಕತ್ತಲೆ ಮಾಡಿ ಇಟ್ಟರೆ ಬೆಳಗ್ತಿತ್ತು. ಮೇಡಂ ನೋಡ್ತಿದ್ರು. ನಾನೂ ನೋಡ್ತಿದ್ದೆ."

"ಚಂದ ಇತ್ತಾ?"

"ತುಂಬ ಚಂದ ಇತ್ತು."

"ಹಾಗಾದ್ರೆ ಸರಿ" ಎಂದು ಅವರು ವೀಳ್ಯದ ಹರಿವಾಣವನ್ನು ತಮ್ಮ ಕಡೆ ಎಳೆದುಕೊಂಡರು.